ಮುಗಿಲಕ್ಕನ ಎದೆನೋವು

ಬಂದರಿನಲ್ಲಿ ಆಕೆಯನ್ನು ಎಲ್ಲರೂ ಮುಗಿಲಕ್ಕ ಎಂದೇ ಕರೆಯುತ್ತಿದ್ದರು. ಹಡಗಿನಿಂದ ಲಾರಿಯಷ್ಟು ಉದ್ದದ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ದಡಕ್ಕಿಳಿಸುವ ದೊಡ್ಡ ಕ್ರೇನು ಆಕೆಯದು. ನೆಲದಿಂದ ಹದಿಮೂರು ಮಹಡಿಯಷ್ಟು ಎತ್ತರದಲ್ಲಿ ಒಂದು ಗಾಜಿನ ಗೂಡು, ಗೂಡಿನೊಳಗೆ ಒಂದು ಕುರ್ಚಿ, ಕುರ್ಚಿಯ ಎರಡೂ ಕೈಗಳ ತುದಿಯಲ್ಲಿ ಒಂದೊಂದು ಹಿಡಿ. ಎಡಗೈ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಗೂಡು ಆಕೆಯನ್ನೂ ಹೊತ್ತುಕೊಂಡು ನೀರಿನ ಮೇಲೆ ತೇಲುತ್ತಾ ಹೋಗುತ್ತಿತ್ತು. ಬಲಗೈ ಹಿಡಿಯನ್ನು ಎಳೆದರೆ ಉಕ್ಕಿನ ಹಗ್ಗಗಳು ಸುತ್ತಿಕೊಂಡು ಪೆಟ್ಟಿಗೆ ಮೇಲೇರುತ್ತಿತ್ತು. ಕಾಲ ಕೆಳಗಿನ ನೆಲವೂ ಗಾಜೇ. ಮೊಣಕಾಲುಗಳ ನಡುವೆ ಬಗ್ಗಿ ಆ ಗಾಜಿನಿಂದ ಕೆಳಗೆ ನೋಡುತ್ತಾ ಹನ್ನೊಂದು ವರ್ಷ ಕಳೆದಿದ್ದಳು. ಒಂದು ಪೆಟ್ಟಿಗೆಯ ಮೂಲೆಗೂ ಪೆಟ್ಟು ಬಿದ್ದಿರಲಿಲ್ಲ.

ಚಳಿಗಾಲದ ಬೆಳಿಗ್ಗೆ ಮಂಜು ಕವಿದರೆ ಕೆಳಗಿನ ಲೋಕವೇ ಇರುತ್ತಿರಲಿಲ್ಲ. ನೀರಿಲ್ಲ, ಹಡಗಿಲ್ಲ, ದಡವಿಲ್ಲ. ಗಾಜಿನಡಿ ಹತ್ತಿ ಹಾಸಿದಂಥ ಬಿಳುಪು, ಆ ಬಿಳುಪಿನೊಳಗೆ ನಾಲ್ಕು ಹಗ್ಗಗಳು ಇಳಿದು ಕರಗಿಹೋಗಿರುತ್ತಿದ್ದವು. ಆಚೀಚಿನ ಕ್ರೇನುಗಳ ಕತ್ತುಗಳು ಮಾತ್ರ ಮಂಜಿನ ಮೇಲೆ ಎದ್ದು ನಿಂತು, ಯಾವುದೋ ಸಾಧು ಪ್ರಾಣಿಗಳು ಮೇಯುವುದನ್ನು ನಿಲ್ಲಿಸಿ ಏನನ್ನೋ ನೆನಪಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಿದ್ದವು. ಮಂಜು ಕರಗುವ ತನಕ ಕೆಲಸವಿಲ್ಲ. ಆಗ ರೇಡಿಯೋದಲ್ಲಿ ಒಂದೇ ದನಿ.

"ಅಕ್ಕಾ, ಅಲ್ಲಿ ಬಿಸಿಲಿದೆಯಾ?"

"ಇದೆ ಅಣ್ಣ. ಹಾಯಾಗಿದೆ."

"ಇಲ್ಲಿ ನನ್ನ ಬೂಟು ನನಗೇ ಕಾಣ್ತಿಲ್ಲ. ಒಂದಿಷ್ಟು ಕೆಳಗೆ ಕಳಿಸಬಾರದಾ?"

"ಪೆಟ್ಟಿಗೇಲಿ ತುಂಬಿ ಇಳಿಸ್ತೀನಿ. ಕೈ ಒಡ್ಡಿಕೊಂಡು ನಿಂತಿರು."

ಆ ದನಿ ಕೆಳಗಣ್ಣನದು. ಹಡಗಿನ ಅಟ್ಟದ ಮೇಲೋ ದಡದಲ್ಲೋ ನಿಂತು, ಪೆಟ್ಟಿಗೆ ಎಡಕ್ಕೋ ಬಲಕ್ಕೋ ಎಂದು ಆಕೆಗೆ ದಾರಿ ಹೇಳುವುದು ಅವನ ಕೆಲಸ. ಅವನು ಆಕೆಗಿಂತ ಆರು ವರ್ಷ ದೊಡ್ಡವನು, ಆದರೂ ಅಕ್ಕಾ ಎನ್ನುತ್ತಿದ್ದ. ಆಕೆ ಅಣ್ಣ ಎನ್ನುತ್ತಿದ್ದಳು. ಹೀಗೆ ಒಬ್ಬರಿಗೊಬ್ಬರು ಹಿರಿಯರಾಗಿ ಹನ್ನೊಂದು ವರ್ಷ ನಡೆದಿತ್ತು. ಮುಖಾಮುಖಿ ಕೂತು ಒಂದು ಲೋಟ ಚಹಾ ಕುಡಿದದ್ದು ಮಾತ್ರ ಇಲ್ಲ. ಲಿಫ್ಟಿನಲ್ಲಿ ಇಳಿದು ಹತ್ತಲು ಅರ್ಧ ಗಂಟೆ ಹಾಳು ಎಂದು ಆಕೆ ಊಟವನ್ನೂ ಮೇಲೆಯೇ ಮುಗಿಸುತ್ತಿದ್ದಳು.

ಆವತ್ತು ಮಧ್ಯಾಹ್ನ ಮಂಜು ಇರಲಿಲ್ಲ. ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ ಗಬಗಬ ತಿಂದು, ಐಸು ಹಾಕಿದ ಬಾಟಲಿ ಎತ್ತಿ ನಾಲ್ಕು ಗುಟುಕು ಕುಡಿದು, ಬಾಯಿ ಒರೆಸಿಕೊಳ್ಳುತ್ತಲೇ ಹಿಡಿ ಹಿಡಿದಳು. ಹಡಗಿನ ಹೊಟ್ಟೆಯಿಂದ ಒಂದು ಕೆಂಪು ಪೆಟ್ಟಿಗೆ ಎದ್ದು ಬಂತು. ಅದು ದಡಕ್ಕೆ ಇನ್ನೂ ಅರ್ಧ ದಾರಿಯಲ್ಲಿರುವಾಗ ಎದೆಯ ಮೂಳೆಯ ಹಿಂದೆ ಯಾರೋ ಮುಷ್ಟಿ ಕಟ್ಟಿದರು.

ಮೊದಲು ಸುಮ್ಮನೆ ಕಟ್ಟಿದರು, ಆಮೇಲೆ ಹಿಂಡಿದರು. ನೋವು ಬೆನ್ನಿಗೆ ಹಾದು, ಕತ್ತಿಗೇರಿ, ದವಡೆಯನ್ನು ಹಿಡಿಯಿತು. ಅಂಗೈ ಬೆವರಿತು. ಅಪ್ಪ ಕಣ್ಣೆದುರು ಬಂದರು. ಅವರು ಊಟದ ಮೇಜಿನ ಮುಂದೆಯೇ ಎದೆ ಹಿಡಿದುಕೊಂಡು ಹೋದವರು, ನಲವತ್ತೇಳನೆಯ ವಯಸ್ಸಿಗೆ. ಆಕೆಗೆ ಈಗ ನಲವತ್ತೇಳು.

ಆದರೆ ಆಕೆಗೆ ಜೀವ ಬಾಯಿಗೆ ಬಂದದ್ದು ಅದಕ್ಕಲ್ಲ. ಇಪ್ಪತ್ತು ಟನ್ ಕಬ್ಬಿಣ ಗಾಳಿಯಲ್ಲಿ ತೂಗುತ್ತಿತ್ತು, ಅದರ ಕೆಳಗೆ ಜನರಿದ್ದರು.

"ಅಣ್ಣ, ಎಲ್ಲರನ್ನೂ ದೂರ ಕಳಿಸು."

ಯಾಕೆ ಎಂದು ಅವನು ಕೇಳಲಿಲ್ಲ. ಅವನ ಸಿಳ್ಳು ಎರಡು ಸಲ ಕೇಳಿಸಿತು. "ಹೋದ್ರು ಅಕ್ಕ. ನಾನೊಬ್ಬ ಇದ್ದೀನಿ."

"ನೀನೂ ಹೋಗು."

"ನಾನು ಹೋದ್ರೆ ನಿನಗೆ ಕಣ್ಣು ಯಾರು? ನಿಧಾನ. ಎಡಕ್ಕೆ ಒಂದು ಮೊಳ. ಇನ್ನೊಂದು ಗೇಣು. ಹಾಂ, ಈಗ ಬಿಡು. ಬಿಡು, ಬಿಡು... ಅಷ್ಟೇ."

ಪೆಟ್ಟಿಗೆ ದಡಕ್ಕೆ ತಾಗಿತು. ಪೆಟ್ಟಿಗೆಯನ್ನು ಹಿಡಿದಿದ್ದ ಚೌಕಟ್ಟಿನ ನಾಲ್ಕು ಕೊಕ್ಕೆಗಳು ಬಿಟ್ಟುಕೊಂಡ ಹಸಿರು ದೀಪ ಹತ್ತಿದ್ದನ್ನು ನೋಡಿದ ಮೇಲೆಯೇ ಆಕೆ ಹಿಡಿಗಳಿಂದ ಕೈ ತೆಗೆದದ್ದು. ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಲಿಫ್ಟಿನ ಜಾಲರಿ, ಕೆಳಗಣ್ಣನ ಬಿಳುಚಿದ ಮುಖ, ಆಂಬುಲೆನ್ಸಿನ ಬಿಳಿ ಚಾವಣಿ, ನಾಲಿಗೆಯಡಿ ಸಣ್ಣ ಮಾತ್ರೆ ಇಟ್ಟ ನರ್ಸಿನ ಬೆರಳು. ಮೂರನೆಯ ಸಿಗ್ನಲ್ಲು ದಾಟುವ ಹೊತ್ತಿಗೆ ಆ ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿಕೊಂಡಿತು. ನಡುಮಧ್ಯಾಹ್ನದ ಬೀದಿಯ ಮರಗಳು ಕಿಟಕಿಯಲ್ಲಿ ಹಿಂದಕ್ಕೆ ಹರಿಯುತ್ತಿದ್ದವು. ಸಾಯುವುದಾದರೆ ಇಷ್ಟು ಸುಲಭವೇ ಅಂದುಕೊಂಡು ನಿದ್ದೆಹೋದಳು.

ಎರಡು ದಿನ ಆಸ್ಪತ್ರೆ. ಎದೆಗೆ ವೈರು ಅಂಟಿಸಿ ಬರೆದ ಗೆರೆ ಸರಿಯಿತ್ತು. ಆರು ಗಂಟೆಗೊಮ್ಮೆ ತೆಗೆದ ರಕ್ತವೂ ಸರಿಯಿತ್ತು. ಕೊನೆಗೆ ಮಣಿಕಟ್ಟಿನಿಂದ ಸಣ್ಣ ನಳಿಗೆ ತೂರಿಸಿ, ಹೃದಯದ ರಕ್ತನಾಳಗಳಿಗೆ ಬಣ್ಣ ಬಿಟ್ಟು ನೋಡಿದರು. ಪರದೆಯ ಮೇಲೆ ಅವು ಎಲೆಯುದುರಿದ ಗಿಡದ ಕೊಂಬೆಗಳ ಹಾಗೆ ಚಾಚಿಕೊಂಡು ಮಿಡಿಯುತ್ತಿದ್ದವು. ಎಲ್ಲೂ ಗಂಟಿಲ್ಲ, ತಡೆಯಿಲ್ಲ.

"ನಿಮ್ಮ ಹೃದಯ ಇಪ್ಪತ್ತೈದರ ಹುಡುಗೀದು," ಎಂದರು ಹೃದಯದ ಡಾಕ್ಟರು. "ಏನೂ ಇಲ್ಲ. ಯೋಚನೆ ಸ್ವಲ್ಪ ಜಾಸ್ತಿ ಮಾಡ್ತೀರೇನೋ. ಆರಾಮಾಗಿ ಮನೆಗೆ ಹೋಗಿ."

ಆಕೆ ಕೈಮುಗಿದು ಎದ್ದಳು. ಬಾಗಿಲ ತನಕ ಬಂದಾಗ ಒಂಥರಾ ಅವಮಾನವಾಯಿತು. ಏನೂ ಇಲ್ಲದ್ದು ಅಷ್ಟು ನೋಯುವುದೇ?

ಬಂದರಿನ ಕಂಪನಿಯ ಡಾಕ್ಟರದು ಬೇರೆಯೇ ರಾಗ. ಅವರು ಕಾಗದಗಳನ್ನೆಲ್ಲ ಎರಡೆರಡು ಸಲ ತಿರುವಿ ಹಾಕಿ ಕನ್ನಡಕ ತೆಗೆದರು.

"ಹೃದಯದಲ್ಲಿ ಏನೂ ಇಲ್ಲ ಅಂತ ಬರೆದಿದ್ದಾರೆ, ಒಪ್ಪಿದೆ. ಆದ್ರೆ ಹೃದಯದ ಮಾತ್ರೆ ಇಟ್ಟ ತಕ್ಷಣ ನೋವು ಹೋಯ್ತಲ್ಲಮ್ಮ? ಅದು ಹೇಗೆ? ಮತ್ತೆ ನಿಮ್ಮ ತಂದೆಯವರು..." ಕಾಗದಗಳನ್ನು ಮಡಿಚಿಟ್ಟರು. "ಕಾರಣ ಗೊತ್ತಾಗೋ ತನಕ ನಿಮ್ಮನ್ನ ಮೇಲೆ ಕಳಿಸೋಕೆ ನನಗೆ ಧೈರ್ಯ ಸಾಲಲ್ಲ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದಳು. ಮಾರನೆಯ ವಾರದಿಂದ ಆಕೆಗೆ ಗೇಟಿನ ಪಕ್ಕದ ಕೋಣೆಯಲ್ಲಿ ಕೆಲಸವಾಯಿತು. ಲಾರಿ ಬಂದರೆ ಪೆಟ್ಟಿಗೆಯ ಬಾಗಿಲಿನ ಸೀಲು ಮುರಿದಿಲ್ಲ ತಾನೇ ಎಂದು ಕೈಯಲ್ಲಿ ಮುಟ್ಟಿ ನೋಡಿ, ಗೇಟಿನ ಅಡ್ಡಕಂಬಿ ಎತ್ತುವುದು. ಹನ್ನೊಂದು ವರ್ಷ ಪೆಟ್ಟಿಗೆಗಳ ನೆತ್ತಿಯನ್ನಷ್ಟೇ ನೋಡಿದವಳು ಈಗ ಅವುಗಳ ಹೊಟ್ಟೆ ನೋಡುತ್ತಿದ್ದಳು. ನೆಲ ಆಕೆಗೆ ಹೊಸದಾಗಿತ್ತು. ಎಲ್ಲದಕ್ಕೂ ನೆರಳಿತ್ತು, ಎಲ್ಲದಕ್ಕೂ ವಾಸನೆಯಿತ್ತು, ಯಾವುದರ ಹಿಂದೆಯೂ ಏನಿದೆಯೆಂದು ಕಾಣುತ್ತಿರಲಿಲ್ಲ. ಮೇಲಿಂದ ಬೊಂಬೆಗಳಂತಿದ್ದ ಜನ ಈಗ ದೊಡ್ಡ ದೊಡ್ಡ ಮುಖ ಹೊತ್ತುಕೊಂಡು ಬಂದು, "ಹೇಗಿದ್ದೀಯಕ್ಕಾ? ಹುಷಾರು," ಎನ್ನುತ್ತಿದ್ದರು. ಆಗೀಗ ತಲೆ ಎತ್ತಿದರೆ ತನ್ನ ಕ್ರೇನು ಬೇರೆಯವರ ಕೈಯಲ್ಲಿ ತುಸು ಒರಟಾಗಿ ತೂಗುವುದು ಕಾಣುತ್ತಿತ್ತು. ತಲೆ ತಗ್ಗಿಸಿಬಿಡುತ್ತಿದ್ದಳು.

ಮನೆಯಲ್ಲಿ ಇದ್ದವರು ಇಬ್ಬರು, ಗಂಡ ಮತ್ತು ಅತ್ತೆ. ಗಂಡನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಉಜ್ಜಿ ಉಜ್ಜಿ ಅವನ ಕೈಗೆ ಯಾವುದನ್ನೂ ಜೋಪಾನವಾಗಿ ಹಿಡಿಯುವ ಅಭ್ಯಾಸ. ಈಗ ಹೆಂಡತಿಯನ್ನೂ ಹಾಗೇ ಹಿಡಿಯತೊಡಗಿದ. ಆಕೆ ಬಕೆಟ್ಟು ಮುಟ್ಟಿದರೆ ಓಡಿಬಂದು ಕಸಿದುಕೊಳ್ಳುತ್ತಿದ್ದ. ಮೆಟ್ಟಿಲು ಹತ್ತಿದರೆ ಹಿಂದೆಯೇ ಬರುತ್ತಿದ್ದ. ರಜೆಯ ಮಧ್ಯಾಹ್ನ ಆಕೆ ಮಲಗಿದರೆ ಒಂದು ಲೆನ್ಸು ತಂದು ಮೂಗಿನ ಹತ್ತಿರ ಹಿಡಿದು, ಉಸಿರಿಗೆ ಅದು ಮಸುಕಾಗುವುದನ್ನು ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದ. ಆಕೆ ಒಂದು ದಿನ ಕಣ್ಣು ಮುಚ್ಚಿಕೊಂಡೇ, "ಇದ್ದೀನಿ ರೀ," ಎಂದಾಗ ಲೆನ್ಸು ಅವನ ಕೈಯಿಂದ ಜಾರಿ ಬಿತ್ತು.

ಆ ಮಧ್ಯಾಹ್ನಗಳಲ್ಲಿ ಒಂದೇ ಕನಸು ಬೇರೆ ಬೇರೆ ರೀತಿ ಬೀಳುತ್ತಿತ್ತು. ಕ್ರೇನಿನ ಗಾಜಿನ ಗೂಡು ತನ್ನಷ್ಟಕ್ಕೆ ಬಂದರು ಬಿಟ್ಟು, ಮನೆಗಳ ಮಾಳಿಗೆಗಳ ಮೇಲೆ ತೇಲುತ್ತಾ, ಒಣಗಿಹಾಕಿದ ಬಟ್ಟೆಗಳನ್ನು ಸವರುತ್ತಾ, ಆಕೆಯ ಕಿಟಕಿಗೆ ಬಂದು ನಿಲ್ಲುತ್ತಿತ್ತು. ಒಳಗೆ ಯಾರೂ ಇಲ್ಲ. ಬಾಗಿಲು ತೆರೆದಿದೆ. ಆಕೆ ಕಿಟಕಿಯಿಂದ ಒಂದು ಕಾಲು ಅದರೊಳಗೆ ಇಡುತ್ತಾಳೆ. ಹಿಂದಿನಿಂದ ಗಂಡ, "ಸ್ವೆಟರ್ ಹಾಕ್ಕೋ, ಮೇಲೆ ಗಾಳಿ," ಎನ್ನುತ್ತಾನೆ. ಸ್ವೆಟರಿಗೆ ತೋಳು ಹಾಕುತ್ತಾ ಹಾಕುತ್ತಾ ತೋಳು ಮುಗಿಯುವುದೇ ಇಲ್ಲ. ಎಚ್ಚರವಾದರೆ ಪರದೆ ಗಾಳಿಗೆ ಅಲ್ಲಾಡುತ್ತಿರುತ್ತಿತ್ತು.

ನೋವು ಮಾತ್ರ ಕನಸಲ್ಲ. ವಾರಕ್ಕೆರಡು ಮೂರು ಸಲ ಬರುತ್ತಿತ್ತು, ಒಮ್ಮೆ ಐದು ನಿಮಿಷ, ಒಮ್ಮೆ ಅರ್ಧ ಗಂಟೆ. ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಆಂಬುಲೆನ್ಸು, ಮತ್ತೆ ಗೆರೆ, ಮತ್ತೆ ರಕ್ತ, ಮತ್ತೆ ಏನೂ ಇಲ್ಲ. ಪುಟ್ಟ ಡಬ್ಬಿಯಲ್ಲಿ ಕೊಟ್ಟಿದ್ದ ಮಾತ್ರೆಯನ್ನು ಕದ್ದು ನಾಲಿಗೆಯಡಿ ಇಟ್ಟುಕೊಳ್ಳುತ್ತಿದ್ದಳು. ನೋವು ಹೋಗುತ್ತಿತ್ತು. ಹಾಗೆ ಹೋದಾಗಲೆಲ್ಲ ಭಯ ಹೆಚ್ಚುತ್ತಿತ್ತು. ಹೃದಯವಲ್ಲದಿದ್ದರೆ ಇದಕ್ಕೆ ಯಾಕೆ ಹೋಗಬೇಕು? ಡಾಕ್ಟರ ಕಣ್ಣಿಗೂ ಬೀಳದ ಯಾವುದೋ ಮೂಲೆಯಲ್ಲಿ ಅಪ್ಪನ ಕಾಯಿಲೆ ಕೂತಿದೆ ಎಂದೇ ಆಕೆ ನಂಬಿಬಿಟ್ಟಳು.

ಇದನ್ನು ಕಂಡುಹಿಡಿದದ್ದು ಅತ್ತೆ.

ಅತ್ತೆ ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಯಂತ್ರಗಳ ಗದ್ದಲ ಅವರ ಎರಡು ಕಿವಿಗಳನ್ನೂ ತಿಂದುಹಾಕಿತ್ತು. ಗಿರಣಿಯಲ್ಲಿ ಯಾರಿಗೂ ಯಾರ ಮಾತೂ ಕೇಳಿಸದಿದ್ದುದರಿಂದ, ಮುಖ ನೋಡಿಯೇ ಮಾತು ತಿಳಿಯುವುದು ಅವರಿಗೆ ಅಲ್ಲೇ ಕರಗತವಾಗಿತ್ತು. ತಾವು ಮಾತಾಡುವಾಗ ಮಾತ್ರ ಇನ್ನೂ ಯಂತ್ರಗಳ ನಡುವೆಯೇ ಇದ್ದೇವೆ ಎಂಬಂತೆ ಕೂಗುತ್ತಿದ್ದರು. ಅವರ ಗುಟ್ಟುಗಳು ಮೂರನೇ ಮನೆಯ ತನಕ ಕೇಳಿಸುತ್ತಿದ್ದವು.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಆಕೆ ಒಂದು ತುತ್ತು ನುಂಗಿ, ನೀರು ಕುಡಿದು, ಯಾರಿಗೂ ಗೊತ್ತಾಗದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ಎದುರಿಗಿದ್ದ ಅತ್ತೆ ತಟ್ಟೆಯಿಂದ ಕೈ ತೆಗೆದರು.

"ಬಂತಾ?" ಎಂದು ಕೂಗಿದರು.

ಗಂಡ ಬೆಚ್ಚಿ, "ಏನು ಬಂತು? ಯಾರು ಬಂದ್ರು?" ಎಂದ.

"ನೀನು ಸುಮ್ಮನಿರು. ಲೇ, ನಿನ್ನನ್ನೇ ಕೇಳ್ತಿರೋದು. ನೋವು ಬಂತು ತಾನೇ?"

ಆಕೆ ಇಲ್ಲ ಎಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ನನ್ನ ಹತ್ರ ಸುಳ್ಳು ಹೇಳಬೇಡ. ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಎರಡು ತಿಂಗಳಿಂದ ನಿನ್ನ ಗಂಟಲನ್ನೇ ನೋಡ್ತಿದ್ದೀನಿ. ಬೇರೆಯವರು ತುತ್ತಿಗೆ ಒಂದು ಸಲ ನುಂಗಿದ್ರೆ ನೀನು ಮೂರು ಸಲ ನುಂಗ್ತೀಯ. ಆಮೇಲೆ ಯಾರೋ ಬಾಗಿಲು ತಟ್ಟಿದ ಹಾಗೆ ಕಣ್ಣು ನಿಲ್ಲಿಸಿಕೊಂಡು ಕೂರ್ತೀಯ. ಫ್ರಿಜ್ಜಿನ ನೀರು ಕುಡಿದ ದಿನ ಇನ್ನೂ ಜಾಸ್ತಿ. ನಿನ್ನ ಎದೆಗಲ್ಲ ಕಣೇ ಬಂದಿರೋದು. ನೀನು ತಿಂದದ್ದು ಇಳೀತಿಲ್ಲ."

ಗಂಡ ಅಮ್ಮನ ಮುಖ, ಹೆಂಡತಿಯ ಮುಖ ನೋಡಿದ. "ನೀನು ನಂಗ್ಯಾಕೆ ಹೇಳಲಿಲ್ಲ?" ಎಂದ. ಯಾರನ್ನು ಕೇಳಿದ್ದು ಎಂದು ಅವನಿಗೇ ಗೊತ್ತಿರಲಿಲ್ಲ.

ಆಕೆಗೆ ಅಂದು ಮೊದಲ ಸಲ ಲೆಕ್ಕ ಸಿಕ್ಕಿತು. ಕ್ರೇನಿನಲ್ಲಿ ನೋವು ಬಂದದ್ದು ಬ್ರೆಡ್ಡು ತಿಂದು ಐಸು ನೀರು ಕುಡಿದ ಮೇಲೆ. ಗೇಟಿನ ಕೋಣೆಯಲ್ಲಿ ಬಂದದ್ದು ಗಡಿಬಿಡಿಯಲ್ಲಿ ಬಿಸ್ಕತ್ತು ನುಂಗಿದಾಗ. ಮೆಟ್ಟಿಲು ಹತ್ತುವಾಗ ಒಮ್ಮೆಯೂ ಬಂದಿರಲಿಲ್ಲ. ಭಯ ಆಕೆಯನ್ನು ಎದೆಯ ಎಡಭಾಗದ ಕಡೆಗೇ ಕಣ್ಣಿಟ್ಟು ಕೂರುವಂತೆ ಮಾಡಿತ್ತು.

ಹೊಟ್ಟೆಯ ಡಾಕ್ಟರು ಸಣ್ಣ ಮೈಕಟ್ಟಿನ, ಮೆಲುದನಿಯ ಹೆಂಗಸು. ಅತ್ತೆ ಅವರೆದುರಿನ ಕುರ್ಚಿಯಲ್ಲಿ ತಾವೇ ಕೂತು, ತಾವು ಕಂಡದ್ದನ್ನೆಲ್ಲ ಗಿರಣಿಯ ದನಿಯಲ್ಲಿ ಹೇಳಿದರು. ಹೊರಗೆ ಕಾಯುತ್ತಿದ್ದ ರೋಗಿಗಳಿಗೂ ಕಥೆ ಗೊತ್ತಾಯಿತು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಅತ್ತೆಗೆ ತುಟಿ ಕಾಣುವ ಹಾಗೆ ಮುಖ ತಿರುಗಿಸಿ ನಿಧಾನವಾಗಿ, "ಅಮ್ಮ, ಇಷ್ಟು ಚೆನ್ನಾಗಿ ನೋಡಿರೋರು ನಮ್ಮಲ್ಲೂ ಕಡಿಮೆ," ಎಂದರು.

ಆಮೇಲೆ ಆಕೆಯ ಕಡೆ ತಿರುಗಿದರು. "ಮೊದಲು ಹೃದಯ ತೋರಿಸಿದ್ದು ಸರಿ. ಎದೆನೋವು ಅಂದ್ರೆ ಮೊದಲು ಅದನ್ನೇ ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಸರಿಯಿದೆ ಅಂತ ಗೊತ್ತಾದ ಮೇಲೆ ಪಕ್ಕದ ಮನೆ ಬಾಗಿಲು ತಟ್ಟಬೇಕಿತ್ತು. ಅದನ್ನ ಯಾರೂ ಮಾಡಲಿಲ್ಲ, ಅಷ್ಟೇ."

ಮೊದಲು ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರು. ಅನ್ನನಾಳದಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಇಕ್ಕಟ್ಟಿಲ್ಲ. ಮತ್ತೆ ಏನೂ ಇಲ್ಲವೇ ಎಂದು ಆಕೆಯ ಮುಖ ಸಪ್ಪಗಾಯಿತು. "ಇದು ಗೋಡೆ ನೋಡಿದ್ದು," ಎಂದರು ಡಾಕ್ಟರು. "ಗೋಡೆ ಹೇಗೆ ಅಲ್ಲಾಡುತ್ತೆ ಅಂತ ಇನ್ನೂ ನೋಡಿಲ್ಲ. ನಾಳಿದ್ದು ಬೆಳಿಗ್ಗೆ ಬರೀ ಹೊಟ್ಟೇಲಿ ಬನ್ನಿ."

ಆ ಪರೀಕ್ಷೆಯ ಕೋಣೆ ಚಿಕ್ಕದು, ಮಂದ ಬೆಳಕಿನದು. ಟೆಕ್ನಿಷಿಯನ್ ಮೂಗಿಗೆ ಮರಗಟ್ಟಿಸುವ ಜೆಲ್ಲು ಹಚ್ಚಿ, ನೂಡಲ್ಲಿನಷ್ಟು ತೆಳ್ಳಗಿನ ಕೊಳವೆಯನ್ನು ಮೂಗಿನಿಂದ ಒಳಗೆ ಬಿಟ್ಟ. ಗಂಟಲಿಗೆ ಬಂದಾಗ ಆಕೆಗೆ ಓಕರಿಕೆ ಬಂದು ಕಣ್ಣೀರು ಇಳಿಯಿತು. "ನುಂಗಿ, ನುಂಗಿ, ಇನ್ನೊಂದು ಸಲ, ಮುಗೀತು," ಎಂದ. ಕೊಳವೆಯ ಉದ್ದಕ್ಕೂ ಒತ್ತಡ ಅಳೆಯುವ ಸಣ್ಣ ಸಣ್ಣ ಕಣ್ಣುಗಳಿದ್ದವು. ಅವು ಕಂಡದ್ದೆಲ್ಲ ಬಣ್ಣವಾಗಿ ಪರದೆಯ ಮೇಲೆ ಹರಿಯುತ್ತಿತ್ತು.

"ಒಂದು ಚಮಚ ನೀರು ಬಿಡ್ತೀನಿ. ಹೇಳಿದಾಗ ಒಂದೇ ಸಲ ನುಂಗಿ. ಆಮೇಲೆ ಅರ್ಧ ನಿಮಿಷ ನುಂಗಬಾರದು."

ಆಕೆ ಮಲಗಿದ್ದಲ್ಲಿಂದಲೇ ಪರದೆ ಕಾಣುತ್ತಿತ್ತು. ಸುಮ್ಮನಿದ್ದಾಗ ಪರದೆ ಪೂರಾ ನೀಲಿ, ಗಾಳಿಯಿಲ್ಲದ ದಿನದ ನೀರಿನ ಹಾಗೆ. ನುಂಗಿದೊಡನೆ ಮೇಲೆ ಒಂದು ಹಳದಿ ಮಿಂಚಿ, ನೀಲಿಯೊಳಗೆ ಹಸಿರು ಇಳಿಜಾರಾಗಿ ಇಳಿಯಿತು. ಅದೊಂದು ಅಲೆ. ತನ್ನೊಳಗೆ ಹೀಗೊಂದು ಅಲೆ ಹುಟ್ಟಿದಾಗಿನಿಂದ ದಿನಕ್ಕೆ ಸಾವಿರ ಸಲ ಇಳಿಯುತ್ತಿದೆ, ತಾನು ಒಮ್ಮೆಯೂ ಅದರ ಕಡೆ ಗಮನ ಕೊಟ್ಟಿಲ್ಲ ಎಂದು ಆಕೆಗೆ ಅಚ್ಚರಿಯಾಯಿತು. ಎರಡನೆಯದೂ ಹಾಗೇ ಇಳಿಯಿತು. ಮೂರನೆಯ ಸಲ ಅಲೆ ಇಳಿಯುವುದನ್ನೇ ಮರೆಯಿತು. ಇಳಿಜಾರಿನ ಬದಲು ಮೇಲಿಂದ ಕೆಳಗಿನವರೆಗೆ ಒಂದೇ ಏಟಿಗೆ ಕೆಂಪು ಗೋಡೆ ಎದ್ದಿತು. ಗೋಡೆ ಎದ್ದ ಕ್ಷಣದಲ್ಲೇ ಎದೆಯ ಮೂಳೆಯ ಹಿಂದೆ ಮುಷ್ಟಿ ಕಟ್ಟಿತು.

"ಬಂತು," ಎಂದಳು. ಮೂಗಿನಲ್ಲಿ ಕೊಳವೆ ಇದ್ದುದರಿಂದ ದನಿ ಬೇರೆ ಯಾರದೋ ಆಗಿತ್ತು.

"ಕಾಣ್ತಿದೆ," ಎಂದ ಟೆಕ್ನಿಷಿಯನ್.

ಆ ಒಂದು ಮಾತಿಗೆ ಆಕೆ ಎಷ್ಟು ತಿಂಗಳು ಕಾದಿದ್ದಳೋ! ನೋವು ಹಿಂಡುತ್ತಲೇ ಇತ್ತು. ಆಕೆ ಅದರ ಬಣ್ಣವನ್ನು ನೋಡುತ್ತಾ ಮಲಗಿದಳು. ಕೆಂಪು ನಿಧಾನವಾಗಿ ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು, ಹಳದಿಯೊಳಗೆ ಹಸಿರು ಕಲೆಗಳೆದ್ದವು, ಕೊನೆಗೆ ಎಲ್ಲವೂ ನೀಲಿಯಲ್ಲಿ ಮುಳುಗಿತು. ಹೊರಗೆ ಯಾವುದೋ ಗಾಲಿಕುರ್ಚಿ ಕಿರ್ರೆನ್ನುತ್ತಾ ದೂರ ಹೋಯಿತು. ಇಷ್ಟು ದಿನ ತನ್ನನ್ನು ಕತ್ತಲಲ್ಲಿ ಹಿಡಿದು ಅಲ್ಲಾಡಿಸಿದ್ದಕ್ಕೆ ಒಂದು ಮುಖವಿದೆ, ಅದು ಬರುತ್ತದೆ, ಹೋಗುತ್ತದೆ, ಹೋಗುವುದನ್ನು ಕಣ್ಣಾರೆ ನೋಡಬಹುದು. ಆಕೆಗೆ ಬೆಳಗಿನ ನಿದ್ದೆಯಂಥ ಒಂದು ಹಗುರತನ ಆವರಿಸಿತು.

ಹತ್ತು ಗುಟುಕಿನಲ್ಲಿ ನಾಲ್ಕು ಹಾಗೆ ಕೆಂಪಾಗಿದ್ದವು.

ಡಾಕ್ಟರು ಆ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಮೂವರಿಗೂ ತೋರಿಸಿದರು. "ಅನ್ನನಾಳ ಬರೀ ಕೊಳವೆಯಲ್ಲ. ಅದು ಸ್ನಾಯು. ಸಾಲಾಗಿ ನಿಂತ ಜನ ಕೈಯಿಂದ ಕೈಗೆ ಬಕೆಟ್ಟು ದಾಟಿಸ್ತಾರಲ್ಲ, ಹಾಗೆ ತುತ್ತನ್ನ ಕೆಳಗೆ ದಾಟಿಸುತ್ತೆ. ನಿಮ್ಮಲ್ಲಿ ಕೆಲವು ಸಲ ಎಲ್ಲರೂ ಒಟ್ಟಿಗೇ ಬಕೆಟ್ಟಿಗೆ ಕೈ ಹಾಕ್ತಾರೆ. ತುತ್ತು ಅಲ್ಲೇ ಸಿಕ್ಕಿಕೊಳ್ಳುತ್ತೆ, ಸ್ನಾಯು ಸೆಟೆದುಕೊಳ್ಳುತ್ತೆ. ಅದೇ ನೋವು."

"ಮತ್ತೆ ಹೃದಯದ ಥರಾನೇ ಯಾಕೆ ನೋಯುತ್ತೆ?" ಗಂಡ ಕೇಳಿದ.

"ಎರಡೂ ಅಕ್ಕಪಕ್ಕದಲ್ಲೇ ಇವೆ. ಎರಡರ ನೋವನ್ನೂ ಮಿದುಳಿಗೆ ಒಯ್ಯೋ ನರಗಳ ದಾರಿ ಹೆಚ್ಚುಕಡಿಮೆ ಒಂದೇ. ಯಾರ ಮನೆಯಿಂದ ಕೂಗು ಬಂತು ಅಂತ ಮಿದುಳಿಗೂ ಗೊತ್ತಾಗಲ್ಲ."

ಆಕೆ ಇಷ್ಟು ದಿನ ಎದೆಗೆ ಹಚ್ಚಿಕೊಂಡಿದ್ದನ್ನು ಕೇಳಿಯೇಬಿಟ್ಟಳು. "ಆ ಮಾತ್ರೆಗೆ ಹೇಗೆ ಹೋಗ್ತಿತ್ತು ಡಾಕ್ಟ್ರೇ? ಅದು ಹೃದಯದ ಮಾತ್ರೆ ಅಲ್ವಾ?"

"ಅದು ಬಿಗಿದ ಸ್ನಾಯುವನ್ನ ಸಡಿಲ ಮಾಡೋ ಮಾತ್ರೆ. ರಕ್ತನಾಳದ ಗೋಡೆಯಲ್ಲೂ ಅಂಥದೇ ಸ್ನಾಯು, ಅನ್ನನಾಳದಲ್ಲೂ ಅಂಥದೇ ಸ್ನಾಯು. ಮಾತ್ರೆಗೆ ಭೇದ ಇಲ್ಲ. ಅದಕ್ಕೇ ನೀವೂ ಏಮಾರಿದ್ರಿ, ನಿಮ್ಮ ಕಂಪನಿ ಡಾಕ್ಟ್ರೂ ಏಮಾರಿದ್ರು."

ಆಕೆ ಚಿತ್ರದ ಕೆಂಪನ್ನು ಬೆರಳಿನಿಂದ ಸವರುತ್ತಾ, "ನಮ್ಮಪ್ಪನಿಗೂ ಇದೇ ಇತ್ತೇನೋ," ಎಂದಳು.

"ಅವರನ್ನ ನಾನು ನೋಡಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ," ಎಂದರು ಡಾಕ್ಟರು. "ಅವರದು ಅವರದು, ನಿಮ್ಮದು ನಿಮ್ಮದು."

ಮನೆಗೆ ಬರುವಾಗ ಬಸ್ಸಿನಲ್ಲಿ ಆ ಮಾತು ಆಕೆಯ ಜೊತೆಯಲ್ಲೇ ಕೂತಿತ್ತು. ಅಪ್ಪನ ಸಾವನ್ನು ಒಡವೆಯ ಹಾಗೆ ಮೈಮೇಲೆ ಹಾಕಿಕೊಂಡು ತಿರುಗಿದ್ದಳು. ಅದು ತನ್ನದಲ್ಲ ಎಂದು ಯಾರೋ ಮೆಲ್ಲಗೆ ಬಿಚ್ಚಿಕೊಟ್ಟ ಹಾಗಾಯಿತು. ಹಗುರವಾಯಿತು, ಜೊತೆಗೇ ಕುತ್ತಿಗೆ ಬರಿದಾದಂತೆಯೂ ಆಯಿತು. ಕಿಟಕಿಗೆ ತಲೆಯಾನಿಸಿ ಅಪ್ಪನಿಗಾಗಿ ಸ್ವಲ್ಪ ಅತ್ತಳು. ಪಕ್ಕದಲ್ಲಿದ್ದ ಅತ್ತೆ, "ಅಳು, ಅಳು. ಅದಾದ್ರೂ ಸರಿಯಾಗಿ ಹೊರಗೆ ಬರಲಿ," ಎಂದು ಕೂಗಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ಅಳುತ್ತಲೇ ನಗು ಬಂತು.

ಔಷಧಿಯೆಂದರೆ ಊಟಕ್ಕೆ ಮುಂಚೆ ಸ್ನಾಯು ಸಡಿಲಿಸುವ ಒಂದು ಮಾತ್ರೆ. ಐಸು ನೀರು ಬಂದ್, ಬೆಚ್ಚನೆಯ ನೀರು ಗುಟುಕು ಗುಟುಕಾಗಿ. ತುತ್ತು ಸಣ್ಣದು, ಅಗಿಯುವುದು ಜಾಸ್ತಿ, ತಿಂದ ತಕ್ಷಣ ಬಗ್ಗುವಂತಿಲ್ಲ, ಮಲಗುವಂತಿಲ್ಲ. "ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ," ಎಂದಿದ್ದರು ಡಾಕ್ಟರು. "ಕಡಿಮೆಯಾಗುತ್ತೆ. ಕಡಿಮೆಯಾಗದಿದ್ರೆ ಬೇರೆ ದಾರಿಗಳಿವೆ. ನೋವು ಯಾವತ್ತಾದ್ರೂ ಬೇರೆ ಥರ ಬಂದ್ರೆ, ನಡೆಯುವಾಗ, ಹತ್ತುವಾಗ ಬಂದ್ರೆ, ಇದೇ ಇರಬೇಕು ಅಂತ ಕೂರಬೇಡಿ. ಆಗ ಮತ್ತೆ ಹೃದಯದ ಡಾಕ್ಟ್ರೇ."

ಅತ್ತೆ ಪೊಲೀಸಾದರು. ಗಂಡನೂ ತುತ್ತಿಗೆ ಇಪ್ಪತ್ತು ಸಲ ಅಗಿಯಬೇಕಾಯಿತು. ಮನೆಯ ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿತು. ಮೊದಮೊದಲು ಬೇಸರ, ಆಮೇಲೆ ಅದೇ ದಿನದ ಒಳ್ಳೆಯ ಹೊತ್ತು. ಅತ್ತೆ ಗಿರಣಿಯ ಕಾಲದ ಕಥೆಗಳನ್ನು ಹೇಳುತ್ತಿದ್ದರು. ಗಾಳಿಯಲ್ಲಿ ಹಾರಾಡುವ ಹತ್ತಿಯ ಎಳೆಗಳು, ತಲೆ ಬಿಳಿಯಾಗಿ ಮನೆಗೆ ಹೋಗುವ ಹುಡುಗಿಯರು. ಇದನ್ನೆಲ್ಲ ಅವರು ಹಿಂದೆ ಯಾರಿಗೂ ಹೇಳಿರಲಿಲ್ಲ. ಕೇಳುವಷ್ಟು ಹೊತ್ತು ಯಾರೂ ಊಟಕ್ಕೆ ಕೂತಿರಲಿಲ್ಲ. ಅಂಥದೊಂದು ಊಟದ ನಡುವೆ ಗಂಡ ಥಟ್ಟನೆ, "ನಿನಗೆ ನಲವತ್ತೆಂಟು ತುಂಬಿ ಒಂಬತ್ತು ದಿನ ಆಯ್ತು," ಎಂದ. ಆಕೆಗೆ ನೆನಪೇ ಇರಲಿಲ್ಲ. ಅಷ್ಟು ವರ್ಷ ಹೆದರಿಕೊಂಡು ನೋಡುತ್ತಿದ್ದ ಗಡಿಯನ್ನು ಅಗಿಯುತ್ತಾ ಅಗಿಯುತ್ತಾ ದಾಟಿಬಿಟ್ಟಿದ್ದಳು.

ಮಾತ್ರೆಗೆ ತಲೆ ತಿರುಗುವುದಿಲ್ಲ ಎಂದು ಖಚಿತವಾಗಲು ಆರು ವಾರ ನೆಲದಲ್ಲೇ ಇರಿಸಿದರು. ಕಂಪನಿಯ ಡಾಕ್ಟರು ಹೊಟ್ಟೆಯ ಡಾಕ್ಟರ ಕಾಗದವನ್ನೂ ಬಣ್ಣದ ಚಿತ್ರಗಳನ್ನೂ ಓದಿ, ಎದ್ದು ನಿಂತು, "ನನಗೂ ಹೊಳೀಬೇಕಿತ್ತು," ಎಂದರು. ಆದರೂ ಒಂದು ಷರತ್ತು ಹಾಕಿದರು. ಗೂಡಿನಲ್ಲಿ ಊಟ ಮಾಡುವಂತಿಲ್ಲ. ಇಳಿದು ಬಂದು ತಿಂದು, ಮುಕ್ಕಾಲು ಗಂಟೆ ಬಿಟ್ಟು ಹತ್ತಬೇಕು. ಆ ಹೊತ್ತಿಗೆ ಬೇರೆ ಆಪರೇಟರು. ಮೋಡಗಳ ನಡುವೆ ಒಬ್ಬಳೇ ಕೂತು ತಿನ್ನುವ ಸುಖ ಹೋಯಿತಲ್ಲ ಎಂದು ಆಕೆಗೆ ಬೇಸರವಾಯಿತು. ಸಹಿ ಹಾಕಿದಳು.

ಮರಳಿ ಹತ್ತಿದ ದಿನ ಆಕಾಶ ತಿಳಿಯಾಗಿತ್ತು. ಹಿಡಿಗಳು ಬೇರೆಯವರ ಕೈಯಲ್ಲಿ ತುಸು ಸಡಿಲಗೊಂಡಿದ್ದವು. ಮೊದಲ ಪೆಟ್ಟಿಗೆಯನ್ನು ಒಂದು ಗಳಿಗೆ ಸುಮ್ಮನೆ ಗಾಳಿಯಲ್ಲಿ ನಿಲ್ಲಿಸಿದಳು. ಅದು ತೂಗದೆ ನಿಂತಿತು. ಕೈ ಮರೆತಿರಲಿಲ್ಲ.

ಮಧ್ಯಾಹ್ನ ಇಳಿದು ಕ್ಯಾಂಟೀನಿಗೆ ಹೋದಳು. ಕೆಳಗಣ್ಣ ಎದುರಿನ ಬೆಂಚಿನಲ್ಲಿ ಜಾಗ ಹಿಡಿದಿಟ್ಟಿದ್ದ. ರೇಡಿಯೋದಲ್ಲಿ ಗಂಟೆಗಟ್ಟಲೆ ಹರಟಿದವರು ಈಗ ಹೊಸ ನೆಂಟರ ಹಾಗೆ ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿದರು.

"ನಿನ್ನ ಹುಬ್ಬಿನ ಮೇಲೆ ಮಚ್ಚೆ ಇದೆ," ಎಂದ ಅವನು ಕೊನೆಗೆ. "ಹನ್ನೊಂದು ವರ್ಷ ಗೊತ್ತೇ ಇರಲಿಲ್ಲ."

"ನಿನ್ನ ತಲೆ ಇಷ್ಟು ಬೋಳು ಅಂತ ನನಗೆ ಮೊದಲಿಂದ್ಲೂ ಗೊತ್ತಿತ್ತು," ಎಂದಳು ಆಕೆ.

ಅವನು ನಕ್ಕ ನಗೆಗೆ ಅವನಿಗೇ ನೆತ್ತಿಗೇರಿತು. ಆಕೆ ತನ್ನ ಬೆಚ್ಚನೆಯ ನೀರನ್ನು ಅವನ ಕಡೆ ಸರಿಸಿದಳು.

ನೋವು ಆಮೇಲೆಯೂ ಬಂತು. ಎಂಟನೆಯ ದಿನ, ಹಡಗಿಗೆ ಹೋಗಬೇಕಾದ ಪೆಟ್ಟಿಗೆ ದಡದಿಂದ ಆಗಷ್ಟೇ ಮೇಲೆದ್ದ ಹೊತ್ತಿಗೆ, ಮುಷ್ಟಿಯ ಒಂದೆರಡು ಬೆರಳು ಎದೆಯ ಹಿಂದೆ ಅಲ್ಲಾಡಿದವು. ಮೊದಲಿನ ಆಕೆಯಾಗಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು.

"ಅಣ್ಣ, ಐದು ನಿಮಿಷ ನಿಲ್ಲಿಸ್ತೀನಿ. ನೋವು ಬಂದಿದೆ."

"ಯಾವ ಥರದ್ದು?" ಎಂದ ಅವನು, ಡಾಕ್ಟರ ಹಾಗೆ.

"ಗೊತ್ತಿರೋದೇ."

"ಸರಿ. ಹಡಗು ಎಲ್ಲಿಗೂ ಓಡಿಹೋಗಲ್ಲ. ಪೆಟ್ಟಿಗೇನ ದಡಕ್ಕಿಡು, ಆರಾಮಾಗಿ ಕೂತ್ಕೋ."

ಪೆಟ್ಟಿಗೆಯನ್ನು ದಡದಲ್ಲಿಟ್ಟು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಫ್ಲಾಸ್ಕಿನಿಂದ ಒಂದು ಗುಟುಕು ಬೆಚ್ಚನೆಯ ನೀರು ಕುಡಿದಳು. ಕಣ್ಣು ಮುಚ್ಚಿದರೆ ಒಳಗೆ ಬಣ್ಣಗಳು ಕಂಡವು. ಕೆಂಪು ಪೂರ್ತಿ ಏಳಲಿಲ್ಲ. ಕಿತ್ತಳೆಯಲ್ಲೇ ನಿಂತು, ಹಳದಿಯಾಗಿ, ಹಾಗೇ ಇಳಿಯಿತು. ಕೆಳಗೆ ಯಾರೋ ಏನೋ ಕೂಗಿ ಹೇಳಿ ನಕ್ಕದ್ದು ತೆಳ್ಳಗೆ ಮೇಲೇರಿ ಬಂತು. ಆಕೆ ಬೆನ್ನನ್ನು ಕುರ್ಚಿಗೆ ಆನಿಸಿ ಪೂರ್ತಿ ಉಸಿರೆಳೆದುಕೊಂಡಳು. ಆಮೇಲೆ ಬಗ್ಗಿ ಎರಡೂ ಹಿಡಿಗಳ ಮೇಲೆ ಕೈಯಿಟ್ಟಳು.